ಶ್ರಾವಣ ಸೋಮವಾರದ ಬೆಳ್ಳುಳ್ಳಿ ವಾಸನೆ

ನಾನು ಬೆಳ್ಳುಳ್ಳಿ ತಿನ್ನಲು ಶುರುಮಾಡಿದ್ದೇನೆ ಎಂದು ಅಮ್ಮ ತೀರ್ಮಾನಿಸಿದ್ದು ನಾನು ಪಿಎಚ್‌ಡಿಗೆ ಸೇರಿದ ಮರುವರ್ಷ. ನಾನು ಓದುತ್ತಿದ್ದ ಸಂಭಾಜಿನಗರದಿಂದ ಬಸ್ಸಿನಲ್ಲಿ ನಾಸಿಕದ ಮನೆಗೆ ಬಂದು, ಚೀಲ ಇಳಿಸಿ, ಅಡುಗೆಮನೆಗೆ ಕಾಲಿಡುವಷ್ಟರಲ್ಲಿ ಅವಳು ನನ್ನ ದುಪಟ್ಟಾದ ತುದಿ ಹಿಡಿದು ಮೂಸಿದಳು.

"ಎಂತ ಮಾರಾಯ್ತಿ ಇದು? ಬೆಳ್ಳುಳ್ಳಿ ತಿಂದು ಬಂದಿದ್ದೀಯಾ?"

"ಇಲ್ಲಮ್ಮ. ಅದು ಲ್ಯಾಬಿನ ವಾಸನೆ."

"ಹೌದಾ? ಲ್ಯಾಬಿನಲ್ಲಿ ಒಗ್ಗರಣೆ ಹಾಕ್ತಾರಾ?"

ಅವಳ ಅನುಮಾನಕ್ಕೆ ಕಾರಣವಿತ್ತು. ನಮ್ಮದು ಕುಂದಾಪುರದ ಕಡೆಯ ಕುಟುಂಬ. ಅಜ್ಜನ ಕಾಲದಿಂದ ನಾಸಿಕದ ಪಂಚವಟಿಯಲ್ಲಿ ಹೋಟೆಲು. ದೇವಸ್ಥಾನಕ್ಕೆ ಬರುವ ಯಾತ್ರಿಕರಲ್ಲಿ ಅರ್ಧದಷ್ಟು ಜನ ಒಳಗೆ ಬರುವ ಮೊದಲು ಕೇಳುವ ಪ್ರಶ್ನೆ ಒಂದೇ, ಕಾಂದಾ-ಲಸೂಣ್, ಅಂದರೆ ಈರುಳ್ಳಿ-ಬೆಳ್ಳುಳ್ಳಿ, ಇಲ್ಲವಲ್ಲ? ಇಲ್ಲ ಎಂದು ಅಪ್ಪ ಗಲ್ಲಾದಲ್ಲಿ ಕೂತಲ್ಲಿಂದಲೇ ಕೈ ಆಡಿಸುತ್ತಿದ್ದ. ಹೋಟೆಲಿನಲ್ಲಿ ವ್ಯಾಪಾರಕ್ಕಾಗಿ ಇಲ್ಲದ್ದು ಮನೆಯಲ್ಲಿ ವಾಡಿಕೆಯಿಂದಲೇ ಇರಲಿಲ್ಲ. ಹೀಗಾಗಿ ಬೆಳ್ಳುಳ್ಳಿ ನನಗೆ ರುಚಿಯಾಗಿ ಗೊತ್ತಿಲ್ಲ, ವಾಸನೆಯಾಗಿ ಮಾತ್ರ ಗೊತ್ತು. ಅದೂ ಅಕ್ಕಪಕ್ಕದ ಮನೆಯ ವಾಸನೆ. ಆಟೊದಲ್ಲಿ ಪಕ್ಕ ಕೂತವರು ಮಧ್ಯಾಹ್ನ ಏನು ಉಂಡಿದ್ದಾರೆಂದು ನಾನು ಈಗಲೂ ಹೇಳಬಲ್ಲೆ. ಇದು ಹೆಮ್ಮೆಪಡುವ ಸಂಗತಿಯಲ್ಲ, ಕಿರಿಕಿರಿ.

ಅಮ್ಮನಿಗೆ ನಾನು ನಿಜವನ್ನೇ ಹೇಳಿದ್ದೆ. ಬಿಳಿ ರಂಜಕಕ್ಕೆ ಬೆಳ್ಳುಳ್ಳಿಯಂಥ ವಾಸನೆ. ಫಾಸ್ಫರಸ್ ಎಂದು ಶಾಲೆಯಲ್ಲಿ ಓದುವ ಮೂಲವಸ್ತುವಿನ ಒಂದು ರೂಪ ಅದು. ನೋಡಲು ಹಳದಿಗಟ್ಟಿದ ಮೇಣದ ತುಂಡು. ಗಾಳಿಗೆ ಇಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ನೀರಿನೊಳಗೆ ಮುಳುಗಿಸಿ ಇಡಬೇಕು, ಕತ್ತರಿಸುವುದೂ ನೀರೊಳಗೇ. ಮೈಗೆ ತಾಗಿದರೆ ಮಾಂಸದ ತನಕ ಸುಡುತ್ತದೆ. ಅದರ ಹೊಗೆಯೂ ವಿಷ. ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. ಬೆಳ್ಳುಳ್ಳಿ ತಿಂದಿದ್ದೇನೆ ಎಂದು ಒಪ್ಪಿಕೊಂಡಿದ್ದರೆ ವಾಸಿಯಿತ್ತು ಅನ್ನುವಂತಾಯಿತು.

"ಇಂಥದ್ದು ಮುಟ್ಟುವುದಕ್ಕಾ ನಿನ್ನನ್ನು ಅಷ್ಟು ಓದಿಸಿದ್ದು?" ಎಂದಳು. ಆಮೇಲೆ ಪ್ರತಿ ಸಲ ಬಂದಾಗಲೂ ನಾನು ಮೊದಲು ಸ್ನಾನ ಮಾಡಿ, ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿದ ಮೇಲೆಯೇ ಅಡುಗೆಮನೆ ಸೇರಬೇಕು ಎಂಬ ಕಾನೂನು ಬಂತು. ನನಗೇನೂ ಬೇಸರವಾಗಲಿಲ್ಲ. ಲ್ಯಾಬಿನ ಗೋಡೆಗೆ ಅಂಟಿಸಿದ್ದ ಸುರಕ್ಷತೆಯ ನಿಯಮಗಳು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ, ಆದರೆ ಅಲ್ಲಿ ಯಾರೂ ಪಾಲಿಸುತ್ತಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ, ನಾನು ಮತ್ತು ನನ್ನ ಗೈಡು. ಉಳಿದ ವಿದ್ಯಾರ್ಥಿಗಳು ಮುಗಿಸಿ ಹೋಗಿದ್ದರು. ಸರ್ ನಿವೃತ್ತಿಯ ಅಂಚಿನಲ್ಲಿದ್ದುದರಿಂದ ಹೊಸಬರನ್ನು ಕೊಟ್ಟಿರಲಿಲ್ಲ. ಅವರು ಬೀದರ್ ಕಡೆಯವರು. ಹಣೆಗೆ ತೆಳ್ಳಗೆ ವಿಭೂತಿ, ಕಾಲಿಗೆ ಸದಾ ಒಂದೇ ಬಗೆಯ ಚಪ್ಪಲಿ. ಪಾಠ ಇಂಗ್ಲಿಷಿನಲ್ಲಿ, ಕಚೇರಿಯ ಜಗಳ ಮರಾಠಿಯಲ್ಲಿ, ನನ್ನ ಜೊತೆ ಕನ್ನಡದಲ್ಲಿ. ನನ್ನ ಕನ್ನಡ ಅವರಿಗೆ ತಮಾಷೆ, ಅವರದು ನನಗೆ ತಮಾಷೆ. ಮೊದಲ ದಿನ "ನೀ ಏನ್ ಓದ್ಲಕತ್ತಿ ತಂಗಿ?" ಎಂದು ಕೇಳಿದಾಗ ಪ್ರಶ್ನೆ ಅರ್ಥವಾಗಲು ನನಗೆ ಅರೆಕ್ಷಣ ಹಿಡಿದಿತ್ತು.

ಅವರ ಊಟದ ಡಬ್ಬಿ ಇಡೀ ವಿಭಾಗಕ್ಕೆ ಪ್ರಸಿದ್ಧ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಬೆಳ್ಳುಳ್ಳಿ ಖಾರ. ಅವರ ಬಾಯಲ್ಲಿ ಅದು ಬಳ್ಳೊಳ್ಳಿ. ಖಾರ ಅಂದರೆ ಚಮಚದ ತುದಿಯಲ್ಲಿ ಮುಟ್ಟಿಸಿಕೊಳ್ಳುವಷ್ಟಲ್ಲ, ಪಲ್ಯದಂತೆ ಬಡಿಸಿಕೊಳ್ಳುವಷ್ಟು. ಡಬ್ಬಿಯನ್ನು ಅವರು ಲ್ಯಾಬಿಗೆ ಅಂಟಿದ ಬರೆಯುವ ಕೋಣೆಯ ಕಿಟಕಿಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಾಸನೆ ಬರಮಾಡಿಕೊಳ್ಳುತ್ತಿತ್ತು. ಲ್ಯಾಬಿಗೆ ಬಂದ ಯಾರಾದರೂ ಮೂಗು ಅರಳಿಸಿದರೆ "ಸರ್ ಬಂದಿದ್ದಾರೆ" ಎನ್ನುತ್ತಿದ್ದೆ. ನನಗೂ ಅಭ್ಯಾಸವಾಯಿತು. ರಂಜಕದ ವಾಸನೆ ಬಂದರೂ ಡಬ್ಬಿಯ ವಾಸನೆ ಬಂದರೂ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿ ಸುಮ್ಮನಿರುವುದನ್ನು ನನ್ನ ಮೂಗು ಕಲಿತುಬಿಟ್ಟಿತು. ಇಂಥ ತಪ್ಪು ಬೇರೆ ಯಾವ ಲ್ಯಾಬಿನಲ್ಲೂ ಆಗಲಾರದೇನೋ.

ಇನ್ನು ಕೆಲಸದ ವಿಷಯ. ಬಿಳಿ ರಂಜಕದ ಒಂದು ಅಣುವಿನಲ್ಲಿ ನಾಲ್ಕು ಪರಮಾಣುಗಳು. ಪ್ರತಿಯೊಂದೂ ಉಳಿದ ಮೂರರ ಕೈ ಹಿಡಿದು, ಮೂರು ಕಾಲಿನ ಸಣ್ಣ ಗೋಪುರವಾಗಿ ಕೂತಿರುತ್ತವೆ. ಅವು ಆರಾಮಾಗಿ ಕೂತಿಲ್ಲ, ಬಹಳ ಬಿಗಿಯಲ್ಲಿ ಕೂತಿವೆ. ಅದಕ್ಕೇ ಆ ವಸ್ತುವಿಗೆ ಅಷ್ಟು ಸಿಟ್ಟು. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ನಂಥ ಸಂಕ್ರಮಣ ಲೋಹಗಳ ಸಂಕೀರ್ಣಗಳ ಜೊತೆ ಅದನ್ನು ಕಾಯಿಸಿದರೆ ಗೋಪುರದ ಅಂಚುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡ ರಂಜಕ ಜೋಡಿಯಾಗಿ, ಸರಪಳಿಯಾಗಿ, ಉಂಗುರವಾಗಿ ಲೋಹಕ್ಕೆ ಅಂಟಿ, ಲೋಹವೂ ರಂಜಕವೂ ಸೇರಿದ ಗೊಂಚಲಾಗುತ್ತದೆ. ಯಾವ ಲೋಹಕ್ಕೆ ಯಾವ ಗೊಂಚಲು ಎಂದು ಮೊದಲೇ ಹೇಳುವುದು ಕಷ್ಟ. ಕಾಯಿಸಿ ನೋಡಬೇಕು, ಸಿಕ್ಕಿದ್ದೇನೆಂದು ಗುರುತು ಹಿಡಿಯಬೇಕು. ನನ್ನ ಐದಾರು ವರ್ಷ ಹೋದದ್ದು ಇದರಲ್ಲೇ.

ಸರ್ ಹುಡುಕುತ್ತಿದ್ದುದು ಇದಕ್ಕೆ ತದ್ವಿರುದ್ಧ. ಒಡೆಯದ ಗೋಪುರ ಅವರಿಗೆ ಬೇಕಿತ್ತು. ಎರಡು ಕೋಬಾಲ್ಟ್‌ಗಳು ಆ ನಾಲ್ಕು ಪರಮಾಣುಗಳನ್ನು ಇಡಿಯಾಗಿ, ಒಂದು ಅಂಚೂ ಬಿಡಿಸದೆ, ನಡುವೆ ಹಿಡಿದುಕೊಂಡಿರುವ ಗೊಂಚಲು. ಅದು ಸಿಕ್ಕಿದೆ ಎಂದೇ ಅವರ ನಂಬಿಕೆ. ಗಾಢ ಹಸಿರು ಬಣ್ಣದ ಹರಳುಪುಡಿಯೊಂದನ್ನು ಅವರು ನಾನು ಸೇರುವ ಮೊದಲೇ ಮಾಡಿದ್ದರು. ವಿಶ್ಲೇಷಣೆಗೆ ಕೊಟ್ಟರೆ ಎರಡು ಕೋಬಾಲ್ಟಿಗೆ ನಾಲ್ಕು ರಂಜಕ ಎಂದು ಲೆಕ್ಕ ಸರಿಯಾಗಿ ಬರುತ್ತಿತ್ತು. ರಂಜಕದ ಪರಮಾಣುಗಳು ಎಲ್ಲಿ ಹೇಗಿವೆ ಎಂದು ತೋರಿಸುವ ಎನ್‌ಎಂಆರ್ ಯಂತ್ರದಲ್ಲಿ, ಒಡೆಯದ ಬಿಳಿ ರಂಜಕ ಎಲ್ಲಿ ಗೆರೆ ತೋರಿಸುತ್ತದೋ ಅದೇ ಜಾಗದಲ್ಲಿ ಒಂದು ಚೂಪು ಗೆರೆ.

"ಇದು ಒಳಗೇ ತಿರುಗ್ತದ ತಂಗಿ" ಎನ್ನುತ್ತಿದ್ದರು ಸರ್. "ತೊಟ್ಟಿಲದಾಗಿನ ಕೂಸು ಹೊಳ್ಳಿ ಮಲಗಿದಂಗ. ಕೋಬಾಲ್ಟ್ ಹಿಡಕೊಂಡದ, ಆದ್ರ ಬಿಗಿ ಹಿಡಿದಿಲ್ಲ. ಅದಕ್ಕ ಗೆರಿ ಜಾಗಾ ಬಿಟ್ಟಿಲ್ಲ."

ಆ ಚೂಪು ಗೆರೆಯಲ್ಲದೆ ಚಿತ್ರದಲ್ಲಿ ಇನ್ನೊಂದಿತ್ತು. ದೂರದಲ್ಲಿ, ತಗ್ಗಾಗಿ, ಅಗಲಕ್ಕೆ ಹರಡಿದ ಒಂದು ಉಬ್ಬು. ಅದನ್ನು ಕಸ ಎಂದು ಇಬ್ಬರೂ ಬಿಟ್ಟಿದ್ದೆವು. ಕ್ಷಕಿರಣದಿಂದ ಹರಳಿನ ಒಳಗಟ್ಟನ್ನು ನೇರವಾಗಿ ನೋಡಬಹುದಿತ್ತು, ಆದರೆ ಅದಕ್ಕೆ ಬೇಕಾದಷ್ಟು ಒಳ್ಳೆಯ ಹರಳು ಬರುತ್ತಿರಲಿಲ್ಲ. ಪುಡಿ, ಸೂಜಿ, ಮತ್ತೆ ಪುಡಿ.

ನನ್ನ ಪಿಎಚ್‌ಡಿಗೆ ಗೋಪುರ ಒಡೆದರೂ ಸರಿ, ಒಡೆಯದಿದ್ದರೂ ಸರಿ. ಸರ್‌ಗೆ ಹಾಗಲ್ಲ. ಆ ವರ್ಷ ಅವರ ನಿವೃತ್ತಿ. ಕೊನೆಯಲ್ಲಿ ಹೊರಗಿನ ತಜ್ಞರ ಮುಂದೆ ಅವರು ಒಂದು ಉಪನ್ಯಾಸ ಕೊಡಬೇಕು. ಕೆಲಸದಲ್ಲಿ ಹುರುಳಿದೆ ಎಂದು ತಜ್ಞರಿಗೆ ಅನಿಸಿದರೆ ವಿಭಾಗ ಇನ್ನೂ ಕೆಲವು ವರ್ಷ ಲ್ಯಾಬನ್ನು ಸರ್ ಕೈಯಲ್ಲಿ ಬಿಡುತ್ತದೆ, ಇಲ್ಲವಾದರೆ ಬೀಗ. ಸರ್‌ಗೆ ಬೇಕಿದ್ದದ್ದು ಲ್ಯಾಬು ಮಾತ್ರ. ಸಂಬಳವಲ್ಲ, ಸನ್ಮಾನವಲ್ಲ. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಅವರು ಕೇಳುತ್ತಿದ್ದರು. ಅವರು ಕೈಯಲ್ಲಿ ಗಾಜಿನ ನಳಿಕೆ ಹಿಡಿದಾಗಲೇ ನೆಟ್ಟಗೆ ನಿಲ್ಲುವ ಮನುಷ್ಯ. ಉಳಿದ ಹೊತ್ತು ಬೆನ್ನು ಬಗ್ಗಿರುತ್ತಿತ್ತು.

ಶ್ರಾವಣದಲ್ಲಿ ಒಂದು ಶನಿವಾರ-ಭಾನುವಾರ ನಾಸಿಕದಲ್ಲಿದ್ದು, ಸೋಮವಾರ ನಸುಕಿನ ಬಸ್ಸು ಹಿಡಿದು ಹೊರಟೆ. ದಾರಿಯಲ್ಲಿ ಯೇವಲಾದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಪೈಠಣಿ ಸೀರೆಯ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಮಳೆ ಬಂದು ನಿಂತ ಗಾಳಿ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ. ಮನೆಯಲ್ಲಿ ಎರಡು ದಿನ ಕಳೆದು ಬಂದಾಗ ನನ್ನ ಮೂಗು ತೊಳೆದಿಟ್ಟ ಪಾತ್ರೆಯ ಹಾಗಿರುತ್ತಿತ್ತು.

ಲ್ಯಾಬು ತಲುಪಿ ಮೊದಲು ಮಾಡಿದ ಕೆಲಸ, ಆ ಹಸಿರು ಪುಡಿಯ ಸೀಸೆಯನ್ನು ತೆಗೆದು ತೂಕಕ್ಕೆ ಇಟ್ಟದ್ದು. ಅದು ಗಾಳಿಯನ್ನು ಸ್ವಲ್ಪ ಹೊತ್ತು ತಡೆಯುತ್ತಿತ್ತು, ಆದ್ದರಿಂದ ಹೊರಗೆ ತೂಗುವುದು ರೂಢಿ. ಬಿರಡೆ ತೆಗೆದೆ. ಬೆಳ್ಳುಳ್ಳಿ. ಸರ್ ಡಬ್ಬಿ ತಂದಿದ್ದಾರೆ ಎಂದುಕೊಂಡು ಕೆಲಸ ಮುಂದುವರಿಸಿದೆ. ಬಿರಡೆ ಹಾಕಿದ ಮೇಲೆ ವಾಸನೆ ಕಡಿಮೆಯಾಯಿತು. ಮತ್ತೆ ತೆಗೆದೆ, ಮತ್ತೆ ಬಂತು. ಕಿಟಕಿಯ ಕಡೆ ನೋಡಿದರೆ ಕಿಟಕಿ ಖಾಲಿ.

ಆಗ ಹೊಳೆಯಿತು. ಶ್ರಾವಣ ಸೋಮವಾರ. ಸರ್ ಒಪ್ಪತ್ತು, ಡಬ್ಬಿಯೇ ತರುವುದಿಲ್ಲ. ಅವರಷ್ಟೇ ಅಲ್ಲ, ಆ ದಿನ ಇಡೀ ಕಟ್ಟಡದಲ್ಲಿ ಬೆಳ್ಳುಳ್ಳಿ ಇರುವುದಿಲ್ಲ. ಮರಾಠಿಯವರೂ ಉಪವಾಸ, ಕ್ಯಾಂಟೀನಿನಲ್ಲಿ ಸಾಬೂದಾಣೆ ಖಿಚಡಿ ಬಿಟ್ಟರೆ ಏನೂ ಸಿಗದು. ಹಾಗಾದರೆ ಆ ವಾಸನೆ ಸೀಸೆಯದ್ದು. ಕೋಬಾಲ್ಟ್ ಗಟ್ಟಿಯಾಗಿ ಹಿಡಿದುಕೊಂಡ ರಂಜಕಕ್ಕೆ ವಾಸನೆ ಇರಬಾರದು. ವಾಸನೆ ಇದೆ ಅಂದರೆ ಅದರೊಳಗೆ ಯಾರೂ ಹಿಡಿಯದ, ಸುಮ್ಮನೆ ಉಳಿದುಹೋದ ಬಿಳಿ ರಂಜಕ ಇದೆ. ಚೂಪು ಗೆರೆ ಅದರದ್ದು, ವಿಶ್ಲೇಷಣೆಯ ಲೆಕ್ಕ ಕೆಡಿಸದಷ್ಟು ಚೂರಿನದ್ದು. ಜಾಗ ಬಿಟ್ಟಿಲ್ಲ ಎಂದು ಸರ್ ಹೇಳುತ್ತಿದ್ದುದು ನಿಜ. ಬಿಡಲು ಅದು ಕೋಬಾಲ್ಟಿನ ಹತ್ತಿರ ಹೋಗಿಯೇ ಇರಲಿಲ್ಲ.

ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತೆ. ಹೇಳದೆ ಇರಬಹುದೇ ಎಂದು ಯೋಚಿಸಲಿಲ್ಲ, ಹೇಗೆ ಹೇಳುವುದು ಎಂದು ಮಾತ್ರ ಯೋಚಿಸಿದೆ. ಅಷ್ಟರಲ್ಲಿ ಸರ್ ಬಂದರು. ಉಪವಾಸದ ದಿನ ಅವರ ವಿಭೂತಿ ಸ್ವಲ್ಪ ದಪ್ಪ.

"ಸರ್, ಈ ಪುಡಿಗೆ ವಾಸನೆ ಉಂಟು. ರಂಜಕ ಉಳಿದಿದೆ ಇದರಲ್ಲಿ."

"ಏ, ಅದು ನನ್ನ ಬುತ್ತೀದು."

"ಇವತ್ತು ಸೋಮವಾರ ಸರ್. ನೀವು ಡಬ್ಬಿ ತಂದಿಲ್ಲ."

ಅವರು ಕಿಟಕಿಯ ಕಡೆ ತಿರುಗಿ ನೋಡಿದರು. "ನಿನ್ನೀದು ಉಳದಿರಬೇಕು."

"ನಿನ್ನೆ ಭಾನುವಾರ. ಲ್ಯಾಬು ಮುಚ್ಚಿತ್ತು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಸೀಸೆ ಕೊಡು ಎಂದು ಕೈಚಾಚಿದರು. ನಾನು ಬೇಡ ಎನ್ನುವಷ್ಟರಲ್ಲಿ ಬಿರಡೆ ತೆಗೆದು ಮೂಗಿನ ಹತ್ತಿರವೇ ಹಿಡಿದರು. ಹಾಗೆ ಯಾವ ರಸಾಯನಶಾಸ್ತ್ರಜ್ಞನೂ ಮಾಡುವುದಿಲ್ಲ. ಕೈಯಿಂದ ಗಾಳಿ ಬೀಸಿಕೊಂಡು ದೂರದಿಂದ ಮೂಸಬೇಕು ಎಂದು ನನಗೆ ಕಲಿಸಿದವರೇ ಅವರು. ವಾಸನೆ ನಾನು ನಿಂತಲ್ಲಿಗೂ ಬಂತು. ಅವರ ಮುಖದಲ್ಲಿ ಏನೂ ಆಗಲಿಲ್ಲ. ಹುಬ್ಬು ಸಹ ಅಲುಗಲಿಲ್ಲ.

"ಏನೂ ಇಲ್ಲ ತಂಗಿ" ಎಂದರು.

ಮನುಷ್ಯ ಮೊಂಡುತನಕ್ಕೆ ಸುಳ್ಳು ಹೇಳಬಹುದು, ಆದರೆ ಹೆಂಡತಿ ಕೂಗಿದ್ದಕ್ಕೆ ತಿರುಗದ ಕಿವುಡನ ಮುಖ ಬೇರೆ, ಕೇಳಿಸಿದರೂ ಕೇಳದಂತಿರುವ ಗಂಡನ ಮುಖ ಬೇರೆ. ಸರ್‌ಗೆ ವಾಸನೆ ಬರುತ್ತಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡು ಬಿರಡೆ ಹಾಕಿದೆ. ಹೆದರಿಕೆಯಾಯಿತು ಅನ್ನುವುದು ನಿಜ.

ಮೂಗಿಗೆ ಬಾರದ್ದನ್ನು ಕಣ್ಣಿಗೆ ತೋರಿಸಬೇಕಾಯಿತು. ಆ ವಾರ ಪುಡಿಯನ್ನು ಒಂದು ಗಾಜಿನ ನಳಿಕೆಗೆ ಹಾಕಿ, ಗಾಳಿ ಪೂರ್ತಿ ಎಳೆದು, ಕೆಳಗಿನಿಂದ ಹದವಾಗಿ ಬೆಚ್ಚಗೆ ಮಾಡಿದೆ. ಮೇಲಿನ ಭಾಗವನ್ನು ತಣ್ಣಗಿಟ್ಟೆ. ಬಿಳಿ ರಂಜಕ ಉಳಿದಿದ್ದರೆ ಆವಿಯಾಗಿ ಮೇಲೆ ಬಂದು ಗಾಜಿಗೆ ಕೂರಬೇಕು, ಗೊಂಚಲಿಗೆ ಸೇರಿದ್ದು ಕೆಳಗೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಗಾಜಿನ ಒಳಮೈಯಲ್ಲಿ ತೆಳ್ಳಗೆ ಬಿಳಿಯ ಪೊರೆ ಕಟ್ಟಿತು. ಸರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೇರೆ ಏನೋ ಇರಬಹುದು, ದ್ರಾವಕ ಇರಬಹುದು ಎಂದರು. ನಾನು ಎದ್ದು ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಬಾಗಿಲ ಸಂದಿಗೆ ಲ್ಯಾಬಿನ ಕೋಟು ತುರುಕಿ, ನಳಿಕೆಗೆ ಒಂದಿಷ್ಟೇ ಗಾಳಿ ಬಿಟ್ಟೆ. ಪೊರೆ ಹಸಿರಾಗಿ ಮಿನುಗಿತು. ಬಹಳ ಮಂದ, ಆದರೆ ಅನುಮಾನಕ್ಕೆ ಎಡೆಯಿಲ್ಲ. ಬಿಳಿ ರಂಜಕ ಬಿಟ್ಟರೆ ಹಾಗೆ ತಾನಾಗಿ ಬೆಳಗುವ ಇನ್ನೊಂದು ವಸ್ತು ಆ ನಳಿಕೆಯಲ್ಲಿ ಇರಲು ಸಾಧ್ಯವಿರಲಿಲ್ಲ.

ಕತ್ತಲಲ್ಲಿ ಅವರ ಮುಖ ಕಾಣಲಿಲ್ಲ. "ಪರದಿ ತಗಿ" ಎಂದರು.

ಕೆಳಗೆ ಉಳಿದ ಪುಡಿಯನ್ನು ಎನ್‌ಎಂಆರ್ ಯಂತ್ರಕ್ಕೆ ಕೊಟ್ಟೆವು. ಚೂಪು ಗೆರೆ ಹೋಗಿತ್ತು. ನಾವು ಕಸ ಎಂದು ಬಿಟ್ಟಿದ್ದ ಅಗಲವಾದ ಉಬ್ಬು ಮಾತ್ರ ಇತ್ತು. ಕೋಬಾಲ್ಟ್ ಪಕ್ಕದಲ್ಲಿದ್ದರೆ ರಂಜಕದ ಗೆರೆ ಹಾಗೆಯೇ ಹರಡಿಕೊಳ್ಳುತ್ತದೆ, ಇದು ಪುಸ್ತಕದಲ್ಲಿರುವ ಮಾತು, ಇಬ್ಬರಿಗೂ ಗೊತ್ತಿದ್ದ ಮಾತು. ಗೊತ್ತಿದ್ದೂ ಅದರ ಮೇಲೆ ಕಣ್ಣು ಬಿದ್ದಿರಲಿಲ್ಲ, ಚೂಪಾಗಿರುವುದು ಎದುರಿಗಿತ್ತಲ್ಲ.

ಸರ್ ತಮ್ಮ ಕೋಣೆಯಲ್ಲಿ ಚಹಾ ತರಿಸಿದರು. ನಾನು ಕೇಳುವ ಮೊದಲೇ ಹೇಳಿದರು.

"ಕೊರೊನಾ ಬಂದು ಹೋತಲ್ಲ, ಆವಾಗಿಂದ ಮೂಗಿಲ್ಲ ತಂಗಿ. ಊದಿನಕಡ್ಡಿ ಇಲ್ಲ, ಚಹಾ ಇಲ್ಲ. ಮನಿಯಾಗ ಗ್ಯಾಸ್ ಬಿಟ್ಟಿದ್ರೂ ತಿಳಿಯಂಗಿಲ್ಲ. ಬಳ್ಳೊಳ್ಳಿ ಖಾರ ಒಂದೇ ನಾಲಿಗಿಗೆ ಸುರ್ ಅಂತದ. ಅದಕ್ಕ ನಮ್ಮ ಮನಿಯಾಕಿಗಿ ಜಾಸ್ತಿ ಹಾಕು ಅಂತೀನಿ."

"ಯಾರಿಗೂ ಯಾಕೆ ಹೇಳಲಿಲ್ಲ ಸರ್?"

"ಹೇಳಿದ್ರ ಲ್ಯಾಬ್ ಬಿಡಸ್ತಿದ್ರು."

ನನಗೆ ಸಿಟ್ಟು ಬಂತು. ಬಂದದ್ದನ್ನು ನುಂಗಲಿಲ್ಲ. "ನಾನೂ ಅದೇ ಕೋಣೆಯಲ್ಲಿ ಇದ್ದೆ ಅಲ್ವಾ ಸರ್? ನೀವು ಬಾಟ್ಲಿ ಸರಿ ಮುಚ್ಚಿದ್ದೀರಾ ಇಲ್ವಾ ಅಂತ ನಿಮಗೇ ಗೊತ್ತಾಗ್ತಿರಲಿಲ್ಲ. ಹೊತ್ತಿಕೊಂಡಿದ್ದರೆ?"

ಅವರು ಲೋಟವನ್ನು ಕೆಳಗಿಟ್ಟರು. "ತಪ್ಪಾಗ್ಯದ" ಎಂದರು. ಗುರುಗಳ ಬಾಯಲ್ಲಿ ಆ ಮಾತು ಕೇಳಿ ನನಗೆ ಸಮಾಧಾನವಾಗಲಿಲ್ಲ, ಸಂಕಟವಾಯಿತು. ಚಹಾ ಆರಿಹೋಯಿತು. ಆ ದಿನ ಇಬ್ಬರೂ ಬೇಗ ಮನೆಗೆ ಹೋದೆವು.

ಆಮೇಲಿನದು ರಸಾಯನಶಾಸ್ತ್ರದ ಮಟ್ಟಿಗೆ ಒಳ್ಳೆಯದೇ ಆಯಿತು. ಉಳಿಕೆ ರಂಜಕ ಹೋದ ಮೇಲೆ ಪುಡಿ ಚೆನ್ನಾಗಿ ಹರಳುಗಟ್ಟತೊಡಗಿತು. ಇಷ್ಟು ದಿನ ಕೆಡಿಸುತ್ತಿದ್ದುದು ಅದೇ. ಕಲ್ಲುಸಕ್ಕರೆಯ ಚೂರಿನಂಥ ಹರಳುಗಳನ್ನು ಆರಿಸಿ ಕ್ಷಕಿರಣದ ಪರೀಕ್ಷೆಗೆ ಹೊರಗೆ ಕಳಿಸಿದೆವು. ಉತ್ತರ ಬಂದಾಗ ಸರ್ ಪರದೆಯ ಮೇಲೆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಕೋಬಾಲ್ಟ್, ನಡುವೆ ನಾಲ್ಕು ರಂಜಕ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಗೋಪುರವಿಲ್ಲ. ಅಂಚುಗಳು ಬಿಚ್ಚಿಕೊಂಡು ನಾಲ್ಕೂ ಎರಡು ಜೋಡಿಯಾಗಿ, ಎದುರುಬದುರು ಕೂತಿವೆ.

"ಒಡದದ" ಎಂದರು.

"ಹೌದು ಸರ್."

"ಚಂದ ಒಡದದ."

ನಿಜಕ್ಕೂ ಚೆಂದವಿತ್ತು. ಅದು ಸಮಾಧಾನದ ಮಾತಲ್ಲ. ನಮ್ಮ ಕೋಬಾಲ್ಟಿನ ಸುತ್ತ ನಾವು ಜೋಡಿಸಿದ್ದ ಅಣುಗಳ ಬೇಲಿ ಬೇರೆಯವರದಕ್ಕಿಂತ ಬೇರೆ ಥರದ್ದಾಗಿತ್ತು, ಅದರಿಂದ ಜೋಡಿಗಳು ಕೂತ ರೀತಿಯೂ ಬೇರೆ. ಬರೆಯಲು ತಕ್ಕಷ್ಟು ವಿಷಯವಿತ್ತು. ಸರ್ ಉಪನ್ಯಾಸವನ್ನು ಮೊದಲಿಂದ ಬರೆದರು. ತಜ್ಞರ ಮುಂದೆ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಕ್ಕಪಕ್ಕ ಹಾಕಿ, ಈ ಚೂಪು ಗೆರೆಯನ್ನು ನಾನು ಗೊಂಚಲು ಅಂದುಕೊಂಡಿದ್ದೆ, ಇದು ಉಳಿಕೆ, ಗೊಂಚಲು ಈ ಉಬ್ಬಿನಲ್ಲಿದೆ ಎಂದು ಯಾವ ಪೀಠಿಕೆಯೂ ಇಲ್ಲದೆ ಹೇಳಿದರು. ಹೇಗೆ ತಿಳಿಯಿತು ಎಂದು ಒಬ್ಬರು ಕೇಳಿದರು. "ನನ್ನ ವಿದ್ಯಾರ್ಥಿಗೆ ವಾಸನೆ ಬಂತು" ಎಂದರು. ಜನ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ತಜ್ಞರು ತೃಪ್ತರಾದರು. ಲ್ಯಾಬನ್ನು ಸರ್‌ಗೇ ಬಿಡಬೇಕೆಂದು ವಿಭಾಗ ಒಪ್ಪಿತು. ಅವರಿಗೆ ಬೇಕಿದ್ದದ್ದು ಸಿಕ್ಕಿತು. ನಾನು ಪೇಢೆ ತರಲು ಹೊರಟಿದ್ದೆ.

"ತರಬ್ಯಾಡ. ಲ್ಯಾಬ್ ನನ್ನ ಕೈಲೆ ಆಗಲ್ಲ ಅಂತ ಬರದುಕೊಟ್ಟೀನಿ" ಎಂದರು ಸರ್.

ನಾನು ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದವಳು ಹಾಗೆಯೇ ನಿಂತೆ. ಥೀಸಿಸ್ ಆಗಲೇ ಕೊಟ್ಟಾಗಿತ್ತು, ನಾಸಿಕದ ಒಂದು ಕಾಲೇಜಿನಲ್ಲಿ ಪಾಠ ಮಾಡಲು ನಾನು ಒಪ್ಪಿಕೊಂಡೂ ಆಗಿತ್ತು. ಮುಂದಿನ ತಿಂಗಳಿಂದ ಹೋಗಬೇಕು.

"ಯಾಕೆ ಸರ್? ಅಷ್ಟು ಆಸೆ ಇತ್ತಲ್ಲ ನಿಮಗೆ?"

"ಆಸೆ ಅದ. ಇಷ್ಟು ದಿನ ನಿನ್ನ ಮೂಗು ಇತ್ತು, ನನಗ ಗೊತ್ತಿಲ್ಲದಂಗ ಅದರ ಮ್ಯಾಲೇ ಕೆಲಸ ಮಾಡೀನಿ. ನೀ ಹ್ವಾದ ಮ್ಯಾಲ ಯಾರ ಮೂಗಿನ ಮ್ಯಾಲ ಮಾಡ್ಲಿ ಹೇಳು? ಹೊಸಾ ಹುಡುಗರು ಬರ್ತಾರ. ಅವರೂ ಬಳ್ಳೊಳ್ಳಿ ತಿನ್ನೋರೇ ಇರ್ತಾರ."

ಕೊನೆಯ ಮಾತಿಗೆ ಅವರೇ ನಕ್ಕರು. ನನಗೆ ನಗು ಬರಲಿಲ್ಲ. ನಾಸಿಕದ ಕೆಲಸ ಬಿಟ್ಟು ಇಲ್ಲೇ ಇರುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ, ಅವರೂ ಅದನ್ನು ಕೇಳಲಿಲ್ಲ. ಇದ್ದಿದ್ದರೂ ಎಷ್ಟು ದಿನ?

ಬೀಗದ ಕೈ ಕೊಡುವ ಮೊದಲು ಉಳಿದ ರಂಜಕವನ್ನು ತೀರಿಸಬೇಕಿತ್ತು. ಅದನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ. ಮೈಲುತುತ್ತ ಕರಗಿಸಿದ ನೀಲಿ ನೀರಿಗೆ ಹಾಕಿದರೆ ತುಂಡುಗಳ ಮೇಲೆ ಕಪ್ಪು ಕವಚ ಕಟ್ಟಿ, ನಿಧಾನಕ್ಕೆ ಅದರ ಉರಿ ಇಳಿಯುತ್ತದೆ. ತಾನೇ ಮಾಡುತ್ತೇನೆ ಎಂದು ಸರ್ ಕೈಗವಸು ಹಾಕಿಕೊಂಡರು. ಬೇಡ, ನೀವು ಬಾಗಿಲ ಹೊರಗೆ ನಿಲ್ಲಿ ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಹೀಗೆ ಮಾಡಿ ಎಂದು ಹೇಳಿದ್ದು ಅದೇ ಮೊದಲು. ಅವರು ಗವಸು ಕಳಚಿ, ಜೋಡಿಯಾಗಿ ಮಡಿಸಿ ಮೇಜಿನ ಮೇಲಿಟ್ಟು ಹೊರಗೆ ಹೋದರು.

ನಾನು ಇಕ್ಕಳದಿಂದ ಒಂದೊಂದೇ ತುಂಡನ್ನು ನೀರಿನಿಂದ ತೆಗೆದು ನೀಲಿ ದ್ರಾವಣಕ್ಕೆ ಬಿಟ್ಟೆ. ಫ್ಯಾನು ಎಳೆಯುತ್ತಿದ್ದರೂ ವಾಸನೆ ಎದ್ದಿತು. ಬಾಟಲಿಯನ್ನೂ ಚಾಕುವನ್ನೂ ಅದೇ ದ್ರಾವಣದಲ್ಲಿ ತೊಳೆದೆ. ತುಂಡುಗಳು ಪೂರ್ತಿ ಸಾಯಲು ದಿನಗಳು ಬೇಕು, ಅದಕ್ಕೆ ದೊಡ್ಡ ಜಾಡಿಯಲ್ಲಿ ಮುಚ್ಚಿ ಇಟ್ಟು, ಮೇಜು ಒರೆಸಿ, ಕಿಟಕಿಗಳನ್ನು ತೆಗೆದೆ.

"ವಾಸನಿ ಹೋತೇನು?" ಎಂದು ಹೊರಗಿನಿಂದ ಕೇಳಿದರು.

"ಇನ್ನೂ ಇಲ್ಲ ಸರ್."

ಕಾರಿಡಾರಿನಲ್ಲಿ ಅವರು ಅತ್ತಿತ್ತ ನಡೆದಾಡುವುದು ಕೇಳುತ್ತಿತ್ತು. ನಾನು ಇನ್ನೊಮ್ಮೆ ಮೇಜು ಒರೆಸಿದೆ.

"ಈಗ?"

"ಸ್ವಲ್ಪ ಉಂಟು."

ಹೊರಗೆ ಗಾಳಿ ತಿರುಗಿತು, ಪರದೆ ಒಳಗೆ ಉಬ್ಬಿತು. ಕೋಣೆಯ ಎಲ್ಲ ಮೂಲೆಗೂ ಹೋಗಿ ನಿಂತು ಮೂಸಿ ನೋಡಿದೆ. ಎಲ್ಲೂ ಇರಲಿಲ್ಲ.

"ಹೋಯ್ತು ಸರ್. ಬನ್ನಿ."

ಅವರು ಒಳಗೆ ಬಂದು ಮೇಜಿನ ಹತ್ತಿರ ನಿಂತರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡರು.

"ಹೌದು ತಂಗಿ" ಎಂದರು. "ಪೂರಾ ಹೋಗ್ಯದ."